ಆರನೇ ಹಾಸಿಗೆಯ ನೀಲಿ ಚುಕ್ಕೆ

ನಮ್ಮತ್ತಿಗೆಗೆ ವಾರ್ಡಿನಲ್ಲಿ ಗುಡುಗಮ್ಮ ಎಂದು ಹೆಸರು. ಇಟ್ಟವರು ಯಾರೆಂದು ಇವತ್ತಿಗೂ ಗೊತ್ತಿಲ್ಲ. ಅತ್ತಿಗೆಯ ಕೈಗೆ ಸಿಕ್ಕಿದ್ದರೆ ಇಷ್ಟು ಹೊತ್ತಿಗೆ ಊರು ಬಿಟ್ಟು ಓಡಿರುತ್ತಿದ್ದರು. ಹೆಂಗಸರ ವಾರ್ಡು, ಹತ್ತು ಹಾಸಿಗೆ, ಇಪ್ಪತ್ತೊಂದು ವರ್ಷದ ನೌಕರಿ. ಬೆಳಿಗ್ಗೆ ಏಳಕ್ಕೆ ಅವರ ಚಪ್ಪಲಿಯ ಸದ್ದು ವರಾಂಡದಲ್ಲಿ ಕೇಳಿದರೆ ಸಾಕು, ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಹರಟುತ್ತಿದ್ದ ರೋಗಿಗಳೆಲ್ಲ ಕಾಲು ನೀಡಿ ನೆಟ್ಟಗೆ ಮಲಗಿಬಿಡುತ್ತಿದ್ದರು. ಜ್ವರ ಇಲ್ಲದವರಿಗೂ ಒಂದು ಗಳಿಗೆ ಜ್ವರ ಬಂದಂತಾಗುತ್ತಿತ್ತು.

ನಾನು ಅವರ ಗಂಡನ ತಂಗಿ. ನರ್ಸಿಂಗ್ ಓದಿದ್ದು ಅವರನ್ನು ನೋಡಿ, ಸೇರಿದ್ದು ಅದೇ ಆಸ್ಪತ್ರೆಗೆ, ನನ್ನ ಗ್ರಹಚಾರಕ್ಕೆ ಹಾಕಿದ್ದೂ ಅದೇ ವಾರ್ಡಿಗೆ. ಮನೆಯಲ್ಲಿ ಅತ್ತಿಗೆ, ಬಸ್ಸಿನಲ್ಲಿ ಅತ್ತಿಗೆ, ಗೇಟು ದಾಟಿದ ಕೂಡಲೇ ಸಿಸ್ಟರ್. ಒಮ್ಮೆ ಬಾಯಿ ತಪ್ಪಿ ವಾರ್ಡಿನಲ್ಲಿ ‘ಅತ್ತಿಗೆ’ ಎಂದದ್ದಕ್ಕೆ ಸಂಜೆಯವರೆಗೂ ನನ್ನ ಕಡೆ ತಿರುಗಿ ನೋಡಿರಲಿಲ್ಲ.

ಅವರ ಬೈಗುಳದಲ್ಲಿ ಕೆಟ್ಟ ಮಾತು ಒಂದೂ ಇರುವುದಿಲ್ಲ. ಅದೇ ಕಷ್ಟ. ಕೆಟ್ಟ ಮಾತಾದರೆ ತಿರುಗಿ ಜಗಳಕ್ಕಾದರೂ ನಿಲ್ಲಬಹುದು. ಅವರು ಹೇಳುವುದೆಲ್ಲ ಸರಿಯಾಗಿಯೇ ಇರುತ್ತದೆ, ದನಿ ಮಾತ್ರ ಮೂರು ವಾರ್ಡು ಆಚೆ ಕೇಳುತ್ತದೆ. ಮನೆಯಲ್ಲೂ ಅಷ್ಟೇ. ನಮ್ಮಣ್ಣ ಈಚೆಗೆ ನೀರಿನ ಚೊಂಬು ಪಕ್ಕದಲ್ಲೇ ಇಟ್ಟುಕೊಂಡು ಕೂರುತ್ತಾನೆ. ಚೊಂಬು ನೆಲದ ಮೇಲೆ ಒದ್ದೆ ಉಂಗುರ ಮೂಡಿಸಿದರೆ ಅದಕ್ಕೊಂದು ಪಾಠ. ಅವರ ಮಗಳು ಕಾಲೇಜಿಗೆ ಹೋಗುವ ಹುಡುಗಿ, ಅಮ್ಮ ಮನೆಯಲ್ಲಿದ್ದರೆ ಪುಸ್ತಕ ಹಿಡಿಯುತ್ತಾಳೆ, ಇಲ್ಲದಿದ್ದರೆ ಮನುಷ್ಯಳಾಗುತ್ತಾಳೆ.

ಆದರೆ ಕೆಲಸದಲ್ಲಿ ಅವರನ್ನು ಮೀರಿಸಿದವರಿಲ್ಲ. ಕೈಯಲ್ಲಿ ನರ ಸಿಗದ ರೋಗಿ ಎಲ್ಲಿದ್ದರೂ, ಮಕ್ಕಳ ವಾರ್ಡಿರಲಿ, ತುರ್ತು ವಿಭಾಗವಿರಲಿ, ನಮ್ಮಲ್ಲಿಗೆ ಫೋನು ಬರುತ್ತಿತ್ತು. ಅತ್ತಿಗೆ ಹೋಗಿ ಕಣ್ಣಿನಿಂದ ಹುಡುಕುತ್ತಲೇ ಇರಲಿಲ್ಲ. ತೋರುಬೆರಳಿನ ತುದಿಯಿಂದ ಮೆಲ್ಲಗೆ ಒತ್ತಿ ಒತ್ತಿ ನೋಡಿ, ಚರ್ಮದ ಕೆಳಗೆ ಏನೋ ಪುಟಿಯಿತು ಅನ್ನಿಸಿದ ಜಾಗಕ್ಕೆ ಸೂಜಿ ಇಳಿಸುತ್ತಿದ್ದರು. ಒಂದೇ ಸಲಕ್ಕೆ.

ರಕ್ತ ಹಾಕುವಾಗಂತೂ ಅವರದು ಪರೀಕ್ಷಾ ಕೊಠಡಿಯ ಶಿಸ್ತು. ಇಬ್ಬರು ನರ್ಸುಗಳು ಹಾಸಿಗೆಯ ಪಕ್ಕದಲ್ಲೇ ನಿಲ್ಲಬೇಕು. ಒಬ್ಬರು ಬ್ಯಾಗಿನ ಮೇಲಿರುವುದನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ರೋಗಿಯ ಕೈಪಟ್ಟಿ ನೋಡಿ ಹೂಂ ಅನ್ನಬೇಕು: ಹೆಸರು, ನಂಬರು, ರಕ್ತದ ಗುಂಪು, ತಾರೀಕು. ರೋಗಿ ತಾನೇ ಬಾಯಿಬಿಟ್ಟು ಹೆಸರು ಹೇಳಬೇಕು. ‘ನೀವು ಇಂಥವರಲ್ವಾ?’ ಎಂದು ಕೇಳಿದರೆ ಮಂಪರಿನಲ್ಲಿರುವವರು ಯಾರ ಹೆಸರಿಗಾದರೂ ಹೂಂಗುಟ್ಟುತ್ತಾರೆ ಎಂದು ಅವರು ನನಗೆ ಮೊದಲ ದಿನವೇ ಹೇಳಿಕೊಟ್ಟಿದ್ದರು. ಹಾಕಿದ ಮೇಲೆ ಮೊದಲ ಹದಿನೈದು ನಿಮಿಷ ಅಲ್ಲಿಂದ ಕದಲುವ ಹಾಗಿಲ್ಲ. ಮಂಚ ಹೊತ್ತಿ ಉರಿದರೂ ಕದಲಬೇಡ ಎನ್ನುತ್ತಿದ್ದರು.

ಇಷ್ಟೆಲ್ಲ ಶಿಸ್ತಿನ ಹೆಂಗಸು ಇನ್ಸುಲಿನ್ ಕೊಡಲು ಮಾತ್ರ ಒಂದು ಚೀಟಿ ಹಿಡಿದು ಹೊರಡುತ್ತಿದ್ದರು. ಎರಡನೇ ಹಾಸಿಗೆಗೆ ಎಂಟು ಯೂನಿಟ್, ಆರಕ್ಕೆ ಹದಿನಾಲ್ಕು, ಹೀಗೆ. ಹೆಸರಿಲ್ಲ, ಬರೀ ನಂಬರು. ರಕ್ತ ಹಾಕುವುದು ವಾರಕ್ಕೆ ಎರಡು ಸಲ, ಇನ್ಸುಲಿನ್ ದಿನಕ್ಕೆ ಮೂರು ಹೊತ್ತು. ದಿನಾ ಮಾಡುವ ಕೆಲಸಕ್ಕೆ ಯಾರು ಹೆದರುತ್ತಾರೆ? ನಾವು ಯಾರೂ ಹೆದರುತ್ತಿರಲಿಲ್ಲ. ಅವರನ್ನೇ ನೋಡಿ ಕಲಿತವರು, ನಾವೂ ಚೀಟಿಯವರೇ.

ಅದರಲ್ಲೂ ಅವರದೊಂದು ಸ್ವಂತ ಪದ್ಧತಿಯಿತ್ತು. ಇನ್ಸುಲಿನ್ ಹೊಟ್ಟೆಯ ಚರ್ಮಕ್ಕೆ ಕೊಡುತ್ತಾರೆ. ದಿನಾ ಒಂದೇ ಜಾಗಕ್ಕೆ ಚುಚ್ಚಿದರೆ ಅಲ್ಲಿ ಗಂಟು ಕಟ್ಟುತ್ತದೆ. ಅದಕ್ಕೇ ಅತ್ತಿಗೆ ಚುಚ್ಚಿದ ಪಕ್ಕದಲ್ಲಿ ಬಾಲ್ ಪೆನ್ನಿನಿಂದ ಒಂದು ನೀಲಿ ಚುಕ್ಕೆ ಇಡುತ್ತಿದ್ದರು. ಮುಂದಿನ ಸೂಜಿ ಅದರಿಂದ ಎರಡು ಬೆರಳು ದೂರ. ಆಸ್ಪತ್ರೆಯಲ್ಲಿ ಬೇರೆ ಯಾರೂ ಹಾಗೆ ಮಾಡುತ್ತಿರಲಿಲ್ಲ. ಶುಗರ್ ರೋಗಿಗಳು ಮನೆಗೆ ಹೋಗುವಾಗ ಹೊಟ್ಟೆಯ ಮೇಲೆ ನಕ್ಷತ್ರ ಎಣಿಸಿಕೊಂಡು ಹೋಗುತ್ತಾರೆ ಎಂದು ನಾವು ಹಿಂದಿನಿಂದ ನಗುತ್ತಿದ್ದೆವು.

ಆ ವಾರ ಆರನೇ ಹಾಸಿಗೆಯಲ್ಲಿ ಒಬ್ಬರು ಟೀಚರಮ್ಮ ಇದ್ದರು. ನಿವೃತ್ತರಾದವರು, ಶುಗರ್ ಜಾಸ್ತಿಯಾಗಿ ಪಾದದಲ್ಲಿ ಗಾಯ. ಒಂಬತ್ತರಲ್ಲಿ ಟೈಲರಮ್ಮ. ತಿಂಗಳುಗಟ್ಟಲೆ ರಕ್ತ ಹೋಗಿ ಹೋಗಿ ಮೈ ಬಿಳಿಚಿಕೊಂಡಿತ್ತು, ನಲವತ್ತೆರಡು ವರ್ಷಕ್ಕೆ ಮೈಯಲ್ಲಿ ಇರಬೇಕಾದ ರಕ್ತದ ಅರ್ಧವೂ ಇರಲಿಲ್ಲ. ಗರ್ಭಕೋಶದ ಗಡ್ಡೆ ತೆಗೆಯುವ ಆಪರೇಷನ್ನಿಗೆ ಮುಂಚೆ ಎರಡು ಬ್ಯಾಗ್ ರಕ್ತ ಹಾಕಬೇಕಿತ್ತು. ಶುಗರ್ ಗಿಗರ್ ಏನೂ ಇಲ್ಲ. ಇಬ್ಬರಿಗೂ ಎರಡೇ ದಿನಕ್ಕೆ ಹುಟ್ಟಿನಿಂದ ಪರಿಚಯದವರಂತೆ ಸ್ನೇಹವಾಯಿತು. ಟೀಚರಮ್ಮ ಪತ್ರಿಕೆ ಓದಿ ಹೇಳುವುದು, ಟೈಲರಮ್ಮ ಮಲಗಿದಲ್ಲೇ ಟೀಚರಮ್ಮನ ಸಡಿಲ ಗುಂಡಿ ಹೊಲಿದುಕೊಡುವುದು.

ಶುಗರ್ ಇರುವವರು ರಾತ್ರಿ ನಾಲ್ಕೈದು ಸಲ ಬಚ್ಚಲಿಗೆ ಏಳುತ್ತಾರೆ. ಒಂಬತ್ತನೇ ಹಾಸಿಗೆ ಬಚ್ಚಲಿನ ಬಾಗಿಲಿಗೆ ಅಂಟಿಕೊಂಡೇ ಇದೆ. ಆರನೆಯದು ವಾರ್ಡಿನ ಆ ತುದಿಯಲ್ಲಿ. ಟೀಚರಮ್ಮ ಗಾಯದ ಕಾಲೆಳೆದುಕೊಂಡು ಅಷ್ಟು ದೂರ ಬರುವುದನ್ನು ಟೈಲರಮ್ಮನಿಗೆ ನೋಡಲಾಗಲಿಲ್ಲ. ‘ರಾತ್ರಿ ನೀವು ಇಲ್ಲಿ ಮಲಗಿ ಟೀಚರೇ, ನಾನು ಅಲ್ಲಿ ಮಲಗ್ತೀನಿ’ ಎಂದಳು. ಬೆಳಗಾದ ಮೇಲೆ, ಸಿಸ್ಟರ್ ರೌಂಡಿಗೆ ಬರುವ ಮುಂಚೆ, ಅವರವರ ಜಾಗಕ್ಕೆ ವಾಪಸ್ಸು. ಹಾಸಿಗೆ ಬದಲಾಯಿಸಿದ್ದು ಗುಡುಗಮ್ಮನಿಗೆ ಗೊತ್ತಾದರೆ ಗತಿಯೇನು ಎಂಬುದು ಇಬ್ಬರಿಗೂ ಗೊತ್ತಿತ್ತು.

ಇದು ಇನ್ನೊಬ್ಬರಿಗೂ ಗೊತ್ತಿತ್ತು. ಅದು ಯಾರೆಂದು ಆಮೇಲೆ ಹೇಳುತ್ತೇನೆ.

ಆ ಶುಕ್ರವಾರ ಬೆಳಗಿನ ಪಾಳಿಯಲ್ಲಿ ನಾವಿಬ್ಬರೇ. ಒಂಬತ್ತು ಗಂಟೆಗೆ ಟೈಲರಮ್ಮನ ರಕ್ತ ಬರುವುದಿತ್ತು, ಹತ್ತಕ್ಕೆ ಅವಳಿಗೆ ಹೊಟ್ಟೆಯ ಸ್ಕ್ಯಾನಿಂಗ್, ಅದಕ್ಕಾಗಿ ತಿಂಡಿ ಕೊಡುವ ಹಾಗಿರಲಿಲ್ಲ. ಕೆಲಸ ಮುಗಿಸಿಕೊಳ್ಳೋಣ ಎಂದು ಅತ್ತಿಗೆ ಇನ್ಸುಲಿನ್ನಿನ ರೌಂಡಿಗೆ ದಿನದ ಹೊತ್ತಿಗಿಂತ ಹತ್ತು ನಿಮಿಷ ಮುಂಚೆ ಹೊರಟರು. ನಾನು ಔಷಧಿಯ ಕಪಾಟಿನ ಮುಂದಿದ್ದೆ. ಆರನೇ ಹಾಸಿಗೆಯ ಹತ್ತಿರ ‘ಹೊಟ್ಟೆ ತೋರಿಸಿ’ ಎಂದ ಅವರ ದನಿ ಕೇಳಿತು. ಆಮೇಲೆ ಟ್ರೇ ಖಣ್ ಎಂದದ್ದು. ಅಷ್ಟೇ, ಅರ್ಧ ನಿಮಿಷದ ಕೆಲಸ.

ಒಂಬತ್ತು ಗಂಟೆ ಐದು ನಿಮಿಷಕ್ಕೆ ರಕ್ತ ಶುರುವಾಯಿತು. ಟೈಲರಮ್ಮ ತನ್ನ ಒಂಬತ್ತನೇ ಹಾಸಿಗೆಯಲ್ಲೇ ಇದ್ದಳು. ಹೆಸರು ಹೇಳಿದಳು, ನಾನು ಬ್ಯಾಗು ಓದಿದೆ, ಅತ್ತಿಗೆ ಕೈಪಟ್ಟಿ ನೋಡಿ ಹೂಂ ಅಂದರು. ಗುಂಪು ಸರಿ, ನಂಬರು ಸರಿ. ಎಡಗೈಗೆ ಹಾಕಿದ್ದ ಸೂಜಿಯಲ್ಲಿ ರಕ್ತ ಹನಿಹನಿಯಾಗಿ ಇಳಿಯತೊಡಗಿತು. ನಾನು ಹದಿನೈದು ನಿಮಿಷ ಕಂಬದ ಹಾಗೆ ನಿಂತಿದ್ದೆ. ಜ್ವರವಿಲ್ಲ, ನಡುಕವಿಲ್ಲ, ಬಿ.ಪಿ. ಚೆನ್ನಾಗಿದೆ.

“ಹೊಟ್ಟೆ ಹಸೀತಿದೆ ಸಿಸ್ಟರ್,” ಎಂದಳು.

“ಸ್ಕ್ಯಾನಿಂಗ್ ಮುಗೀಲಿ, ಕೊಡ್ತೀವಿ.”

“ತುಂಬಾ ಹಸೀತಿದೆ.”

ನಾನು ನಕ್ಕೆ. ಆ ನಗು ನನಗೆ ಇನ್ನೂ ಮರೆತಿಲ್ಲ.

ಒಂಬತ್ತೂ ಇಪ್ಪತ್ತೇಳಕ್ಕೆ ಅವಳ ಹಣೆಯ ಮೇಲೆ ಬೆವರು ಕಾಣಿಸಿತು. ಒರೆಸಿದೆ. ಒರೆಸಿದಷ್ಟಕ್ಕೂ ಮತ್ತೆ. ತುಟಿ ಬಿಳಿಚಿ, ಕೈ ಗಡಗಡ ನಡುಗಲು ಶುರುವಾಯಿತು. “ಬಾಬಿನ್ನಲ್ಲಿ ದಾರ ಮುಗೀತು,” ಎಂದಳು. “ದಾರ ಸುತ್ಕೊಡಿ ಯಾರಾದ್ರೂ, ಕೈ ಬಿಡುವಿಲ್ಲ.” ಬಲಗೈ ಹೊದಿಕೆಯ ಮೇಲೆ ಇಲ್ಲದ ಬಟ್ಟೆಯನ್ನು ಮುಂದಕ್ಕೆ ಮುಂದಕ್ಕೆ ತಳ್ಳುತ್ತಿತ್ತು.

ನಾನು ಕೂಗಿಕೊಂಡೆ. “ಸಿಸ್ಟರ್! ರಿಯಾಕ್ಷನ್!”

ರಕ್ತ ಮೈಗೆ ಒಗ್ಗದಿದ್ದರೆ ಹೀಗೆ ತಿರುಗಿಬೀಳುತ್ತದೆ ಎಂದು ಓದಿದ್ದೆವು. ಅತ್ತಿಗೆ ಓಡಿ ಬಂದವರೇ ರಕ್ತದ ಕೊಳವೆಯ ಪುಟ್ಟ ಗಾಲಿ ತಿರುಗಿಸಿ ಹನಿ ನಿಲ್ಲಿಸಿದರು. ಬ್ಯಾಗು ಕೊಳವೆ ಸಮೇತ ಬಿಚ್ಚಿ, ಹೊಸ ಕೊಳವೆಯಲ್ಲಿ ಸಲೈನ್ ಹಚ್ಚಿದರು. ಡ್ಯೂಟಿ ಡಾಕ್ಟರು ಸ್ಟೆತಾಸ್ಕೋಪು ಕೊರಳಿಗೆ ಹಾಕಿಕೊಳ್ಳುತ್ತಲೇ ಬಂದರು. ಹೊಸಬರು, ಒಳ್ಳೆಯವರು, ಆದರೆ ಅವತ್ತು ಅವರ ಮುಖವೂ ರೋಗಿಯ ಮುಖದಷ್ಟೇ ಬಿಳಿ.

“ಬೇರೆಯವರ ರಕ್ತ ಹಾಕಿಬಿಟ್ರಾ?”

“ಇಲ್ಲ,” ಎಂದರು ಅತ್ತಿಗೆ. ಬ್ಯಾಗು ಎತ್ತಿ ಇನ್ನೊಮ್ಮೆ ಓದಿದರು. ಕೈಪಟ್ಟಿ ಇನ್ನೊಮ್ಮೆ ನೋಡಿದರು. ಎಲ್ಲ ಸರಿಯಾಗಿತ್ತು. “ಜ್ವರ ಇಲ್ಲ ಡಾಕ್ಟ್ರೇ. ಮೈ ತಣ್ಣಗಿದೆ.”

“ಅಲರ್ಜಿ ಇರಬಹುದು. ಅವಿಲ್ ತುಂಬಿ. ದದ್ದು ಎದ್ದಿದೆಯಾ ನೋಡಿ.”

ನಾನು ಸಿರಿಂಜಿಗೆ ಔಷಧಿ ಎಳೆದುಕೊಂಡೆ. ಟೈಲರಮ್ಮನ ಕಣ್ಣು ತೇಲುತ್ತಿದ್ದವು, ಮಾತು ನಿಂತು ಬರೀ ಉಸಿರಿನ ಸದ್ದು. ಪಕ್ಕದ ಹಾಸಿಗೆಯವರೆಲ್ಲ ಎದ್ದು ಕೂತಿದ್ದರು. ಅವಳಿಗೆ ಹೈಸ್ಕೂಲಿಗೆ ಹೋಗುವ ಇಬ್ಬರು ಹೆಣ್ಣುಮಕ್ಕಳಿದ್ದಾರೆ, ಹಿಂದಿನ ಸಂಜೆ ಬಂದು ಅಮ್ಮನ ತಲೆ ಬಾಚಿ ಹೋಗಿದ್ದರು. ಆ ಜಡೆ ಇನ್ನೂ ಬಿಗಿಯಾಗಿಯೇ ಇತ್ತು.

ಅತ್ತಿಗೆ ಅವಳ ಅಂಗಿ ಮೇಲೆತ್ತಿದರು. ಎದೆಯ ಮೇಲೆ ದದ್ದಿಲ್ಲ. ಹೊಟ್ಟೆಯ ಮೇಲೆ ದದ್ದಿಲ್ಲ. ಹೊಕ್ಕುಳಿನಿಂದ ನಾಲ್ಕು ಬೆರಳು ಆಚೆಗೆ ಒಂದು ನೀಲಿ ಚುಕ್ಕೆ ಇತ್ತು.

ಅದನ್ನು ನಾನೂ ನೋಡಿದೆ, ಅವರೂ ನೋಡಿದರು. ಡಾಕ್ಟರಿಗೆ ಅದು ಬರೀ ಮಸಿಯ ಕಲೆ. ಮುಚ್ಚಿಬಿಟ್ಟಿದ್ದರೆ ಆಗುತ್ತಿತ್ತು. ಒಂದು ಕ್ಷಣ ಅತ್ತಿಗೆಯ ಕೈ ಆ ಅಂಗಿಯ ಅಂಚಿನಲ್ಲೇ ನಿಂತಿತ್ತು.

“ಅವಿಲ್ ಬೇಡ, ನಿಲ್ಸು,” ಎಂದರು. “ಗ್ಲುಕೋಮೀಟರ್ ತಾ.”

“ಇವರು ಶುಗರ್ ಪೇಷಂಟ್ ಅಲ್ಲ ಸಿಸ್ಟರ್,” ಎಂದರು ಡಾಕ್ಟರು.

“ಅಲ್ಲ. ಆದ್ರೆ ಬೆಳಿಗ್ಗೆ ನಾನು ಇವ್ರಿಗೆ ಹದಿನಾಲ್ಕು ಯೂನಿಟ್ ಇನ್ಸುಲಿನ್ ಕೊಟ್ಟಿದೀನಿ.” ಇಡೀ ವಾರ್ಡಿಗೆ ಕೇಳುವ ಹಾಗೆ ಹೇಳಿದರು. ದನಿ ತಗ್ಗಿಸುವುದು ಅವರಿಗೆ ಬರುತ್ತಿರಲಿಲ್ಲ, ಅವತ್ತೂ ಬರಲಿಲ್ಲ. “ಆರನೇ ಹಾಸಿಗೇಲಿ ಇವ್ರು ಮಲಗಿದ್ರು. ಮುಖದ ಮೇಲೆ ಹೊದಿಕೆ ಇತ್ತು. ನಾನು ಮುಖ ನೋಡ್ಲಿಲ್ಲ.”

ಬೆರಳು ಚುಚ್ಚಿದೆ. ಯಂತ್ರ ಐದು ಸೆಕೆಂಡು ಯೋಚಿಸುತ್ತದೆ. ಅಷ್ಟು ಉದ್ದದ ಐದು ಸೆಕೆಂಡನ್ನು ನಾನು ಬೇರೆಲ್ಲೂ ಕಂಡಿಲ್ಲ. ಇಪ್ಪತ್ತೊಂಬತ್ತು.

ಎಪ್ಪತ್ತಕ್ಕಿಂತ ಕೆಳಗಿಳಿದರೆ ಅಪಾಯ. ಇಪ್ಪತ್ತೊಂಬತ್ತೆಂದರೆ ಮಿದುಳು ಉಪವಾಸ ಬಿದ್ದಿದೆ ಎಂದೇ ಅರ್ಥ. ತಡವಾದರೆ ಹೋದದ್ದು ಮತ್ತೆ ಬರುವುದಿಲ್ಲ. ಆಗಲೇ ಅವಳಿಗೆ ಎಚ್ಚರ ತಪ್ಪಿತ್ತು. ಎಚ್ಚರವಿಲ್ಲದವರ ಬಾಯಿಗೆ ಸಕ್ಕರೆ ನೀರು ಹಾಕಿದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಉಳಿದದ್ದು ಒಂದೇ ದಾರಿ, ನರದೊಳಗೆ ಗ್ಲೂಕೋಸ್.

“ಇಪ್ಪತ್ತೈದು ಪರ್ಸೆಂಟ್, ನೂರು ಎಂ.ಎಲ್., ಬೇಗ,” ಎಂದರು ಡಾಕ್ಟರು.

ನಾನು ಬಾಟಲಿ ಹಿಡಿದು ಎಡಗೈಯ ಸೂಜಿಯ ಕಡೆ ಹೋದೆ. ಅತ್ತಿಗೆ ತಡೆದರು. “ಮೊದ್ಲು ಸಲೈನ್ ತಳ್ಳಿ ನೋಡು.” ತಳ್ಳಿದೆ. ಕೈಯ ಹಿಂಭಾಗ ಪೂರಿಯಂತೆ ಉಬ್ಬಿಕೊಂಡಿತು. ಅವಳು ಒದ್ದಾಡಿದಾಗ ಸೂಜಿ ನರದಿಂದ ಆಚೆ ಬಂದುಬಿಟ್ಟಿತ್ತು. ಹಾಗೇ ಗ್ಲೂಕೋಸ್ ತಳ್ಳಿದ್ದರೆ ಅದು ನರ ಬಿಟ್ಟು ಮಾಂಸಕ್ಕೆ ಇಳಿದು ಕೈಯನ್ನೇ ಸುಟ್ಟುಬಿಡುತ್ತಿತ್ತು.

ಹೊಸ ನರ ಬೇಕು. ರಕ್ತವಿಲ್ಲದ ಮೈ, ಅದರ ಮೇಲೆ ಈ ತಣ್ಣನೆ ಬೆವರು, ನರಗಳೆಲ್ಲ ಎಲ್ಲಿ ಅಡಗಿದ್ದವೋ. ಬಲಗೈಗೆ ನಾನು ಚುಚ್ಚಿದೆ, ಸಿಗಲಿಲ್ಲ. ಇನ್ನೊಮ್ಮೆ ಚುಚ್ಚಿದೆ, ನೀಲಿಗಟ್ಟಿತು. ಡಾಕ್ಟರು ಮೊಣಕೈಯ ಮಡಿಕೆಯಲ್ಲಿ ನೋಡಿದರು, ಹನಿ ರಕ್ತ ಬಂದು ನಿಂತುಹೋಯಿತು. ಗಡಿಯಾರ ಒಂಬತ್ತೂ ಮೂವತ್ತೆಂಟು ತೋರಿಸುತ್ತಿತ್ತು. ಟೈಲರಮ್ಮನ ಬಾಯಿಯ ಒಂದು ಮೂಲೆ ಎಳೆಯತೊಡಗಿತು.

ನಾನು ತಲೆಯೆತ್ತಿ ಅತ್ತಿಗೆಯನ್ನು ನೋಡಿದೆ. ಅವರು ಗೋಡೆಗೆ ಒರಗಿ ನಿಂತಿದ್ದರು. ತಮ್ಮ ಬಲಗೈಯನ್ನು ಎಡಗೈಯಿಂದ ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಆ ಕೈ ನಡುಗುತ್ತಿತ್ತು. ಇಪ್ಪತ್ತೊಂದು ವರ್ಷದಲ್ಲಿ ಅದು ನಡುಗಿದ್ದನ್ನು ಯಾರೂ ಕಂಡಿರಲಿಕ್ಕಿಲ್ಲ.

“ನನ್ನ ಕೈಲಿ ಆಗಲ್ಲ ಕಣೇ,” ಎಂದರು.

ನನಗೆ ಎಲ್ಲಿಂದ ಧೈರ್ಯ ಬಂತೋ. “ಆಗುತ್ತೆ ಅತ್ತಿಗೆ,” ಎಂದೆ, ವಾರ್ಡಿನ ನಟ್ಟನಡುವೆ. “ನಡುಗಿದ್ರೆ ನಡುಗ್ಲಿ. ಬೆರಳಿಗೆ ಗೊತ್ತಾಗುತ್ತಲ್ಲ, ಅಷ್ಟೇ ಸಾಕು. ಬನ್ನಿ.”

ಬಂದರು. ಮಂಡಿಯೂರಿ ಕೂತರು. ಅವಳ ಬಲಗೈಯನ್ನು ಮಂಚದಿಂದ ಕೆಳಗೆ ಇಳಿಬಿಟ್ಟು, ಪಟ್ಟಿ ಬಿಗಿದು, ಫ್ಲಾಸ್ಕಿನ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಮಣಿಕಟ್ಟಿಗೆ ಸುತ್ತಿಸಿದರು. ಕಣ್ಣು ಮುಚ್ಚಿಕೊಂಡರು. ಹೆಬ್ಬೆರಳಿನ ಬುಡದಿಂದ ಮೇಲಕ್ಕೆ ತೋರುಬೆರಳು ಮೆಲ್ಲಗೆ ಹತ್ತಿತು, ನಿಂತಿತು, ಒಂದು ಕೂದಲೆಳೆಯಷ್ಟು ಪಕ್ಕಕ್ಕೆ ಸರಿಯಿತು.

“ಇಲ್ಲಿದೆ.”

ಸೂಜಿ ಇಳಿಯಿತು. ಅದರ ಹಿಡಿಯ ತುದಿಯಲ್ಲಿ ರಕ್ತದ ಹನಿ ಕಾಣಿಸಿತು. ಸಲೈನ್ ತಳ್ಳಿದರು, ಕೈ ಉಬ್ಬಲಿಲ್ಲ. “ಕೊಡು,” ಎಂದರು. ಗ್ಲೂಕೋಸ್ ಮಂದವಾಗಿರುತ್ತದೆ, ಅವಸರಪಡಿಸಿದರೆ ನರ ಒಡೆಯುತ್ತದೆ. ಹನಿ ಹನಿಯಾಗಿ ತಳ್ಳುತ್ತ ಅವರು ಏನನ್ನೋ ಎಣಿಸುತ್ತಿದ್ದರು, ತುಟಿ ಮಾತ್ರ ಆಡುತ್ತಿತ್ತು. ಅರ್ಧ ಒಳಗೆ ಹೋಗುವಷ್ಟರಲ್ಲಿ ಬಾಯಿಯ ಎಳೆತ ನಿಂತಿತು. ಮುಕ್ಕಾಲು ಹೋಗುವಷ್ಟರಲ್ಲಿ ರೆಪ್ಪೆ ಅಲುಗಿತು.

ಟೈಲರಮ್ಮ ಕಣ್ಣು ಬಿಟ್ಟು ಮೊದಲು ಚಾವಣಿ ನೋಡಿದಳು, ಆಮೇಲೆ ತನ್ನ ಮುಂದೆ ಮಂಡಿಯೂರಿದ್ದ ಅತ್ತಿಗೆಯನ್ನು ನೋಡಿದಳು.

“ಸ್ಕ್ಯಾನಿಂಗ್ ಆಯ್ತಾ? ಊಟ ಕೊಡ್ತೀರಾ?” ಎಂದಳು.

ಅತ್ತಿಗೆ ಅವಳ ಕೈ ಬಿಡಲಿಲ್ಲ. ಮುಖ ಆ ಕಡೆ ತಿರುಗಿಸಿಕೊಂಡರು. ನಾನು ಮಾತ್ರ ನಾಚಿಕೆಯಿಲ್ಲದೆ ಅತ್ತೆ.

ಹದಿನೈದು ನಿಮಿಷಕ್ಕೆ ನೋಡಿದಾಗ ನೂರ ಹನ್ನೆರಡು. ಮೈಯೊಳಗಿನ ಇನ್ಸುಲಿನ್ ಇನ್ನೂ ಗಂಟೆಗಟ್ಟಲೆ ಕೆಲಸ ಮಾಡುತ್ತಲೇ ಇರುತ್ತದೆ, ಹಾಗಾಗಿ ಗ್ಲೂಕೋಸಿನ ಡ್ರಿಪ್ ಹಚ್ಚಿ, ಅರ್ಧರ್ಧ ಗಂಟೆಗೆ ಬೆರಳು ಚುಚ್ಚುತ್ತ ಕೂತೆವು. ಅತ್ತ ಟೀಚರಮ್ಮನಿಗೆ ಇನ್ಸುಲಿನ್ನೇ ಬಿದ್ದಿರಲಿಲ್ಲ, ತಿಂಡಿ ಮಾತ್ರ ಹೊಟ್ಟೆ ತುಂಬ ಬಿದ್ದಿತ್ತು. ಅವರದು ಮುನ್ನೂರ ಎಂಬತ್ತು. ಸೂಜಿ ಚುಚ್ಚಿದಾಗ ತಾವು ಬಚ್ಚಲಿನಲ್ಲಿದ್ದದ್ದನ್ನು, ಆಮೇಲೆ ಇಬ್ಬರೂ ಗುಟ್ಟಾಗಿ ಜಾಗ ಬದಲಾಯಿಸಿದ್ದನ್ನು ಹೇಳಿ ಆಕೆಯೂ ಕಣ್ಣೊರೆಸಿಕೊಂಡರು. ತಮ್ಮ ಪಾಲಿನ ಇಂಜೆಕ್ಷನ್ ಯಾಕೆ ಬರಲಿಲ್ಲ ಎಂದು ಕೇಳಲು ಅವರಿಗೂ ಬಾಯಿ ಬಂದಿರಲಿಲ್ಲ.

ಡ್ಯೂಟಿ ಡಾಕ್ಟರು ಅತ್ತಿಗೆಯನ್ನು ಪಕ್ಕಕ್ಕೆ ಕರೆದರು. ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. “ಸರಿಹೋದ್ರಲ್ಲ ಸಿಸ್ಟರ್. ಫೈಲಲ್ಲಿ ರಕ್ತದ ರಿಯಾಕ್ಷನ್ ಅಂತಾನೇ ಇರ್ಲಿ. ನಿಮ್ಮ ಸರ್ವೀಸು ಹಾಳಾಗೋದು ಯಾಕೆ?”

“ಹಾಗೆ ಬರೆದ್ರೆ, ಇನ್ಮುಂದೆ ಇವ್ರಿಗೆ ರಕ್ತ ಹಾಕೋಕೆ ಎಲ್ರೂ ಹೆದರ್ತಾರೆ ಡಾಕ್ಟ್ರೇ. ರಕ್ತ ಇಲ್ದೆ ಆಪರೇಷನ್ ಆಗಲ್ಲ. ರಕ್ತ ಏನು ತಪ್ಪು ಮಾಡಿತ್ತು?”

ಪೆನ್ನು ತೆಗೆದು ತಾವೇ ಬರೆದರು. ಅದೇ ನೀಲಿ ಪೆನ್ನು. ಚೀಟಿಯಲ್ಲಿ ಹೆಸರು ಬರೆದಿರಲಿಲ್ಲ ಎಂದು ಬರೆದರು. ಮುಖ ನೋಡಲಿಲ್ಲ ಎಂದು ಬರೆದರು. ಹೊಟ್ಟೆಯ ಮೇಲೆ ಹಳೆಯ ಚುಕ್ಕೆ ಒಂದೂ ಕಾಣಲಿಲ್ಲ, ಸ್ನಾನದಲ್ಲಿ ಅಳಿಸಿಹೋಗಿರಬೇಕು ಎಂದುಕೊಂಡು ಮುಂದುವರಿದೆ ಎಂದೂ ಬರೆದರು. ಆ ಕೊನೆಯ ಸಾಲು ಯಾರೂ ಕೇಳದಿದ್ದದ್ದು. ಅವರು ಬರೆಯದಿದ್ದರೆ ಯಾರಿಗೂ ಗೊತ್ತಾಗುತ್ತಲೂ ಇರಲಿಲ್ಲ. ಮೇಟ್ರನ್ ಓದಿ, ವಿಚಾರಣೆ ಮುಗಿಯುವವರೆಗೆ ಸೂಜಿ ಮುಟ್ಟಬೇಡಿ ಎಂದರು. ಮುಂದಿನ ತಿಂಗಳು ವಾರ್ಡಿನ ಮುಖ್ಯಸ್ಥೆಯಾಗಬೇಕಿದ್ದವರು ಅವರು. ಆ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಪಾಳಿ ಮುಗಿದ ಮೇಲೆ ಅತ್ತಿಗೆ ಒಂಬತ್ತನೇ ಹಾಸಿಗೆಯ ಹತ್ತಿರ ಸ್ಟೂಲು ಎಳೆದುಕೊಂಡು ಕೂತರು. ಟೈಲರಮ್ಮ ಬ್ರೆಡ್ಡು ತಿನ್ನುತ್ತಿದ್ದಳು. ಇವರನ್ನು ಕಂಡು ಬ್ರೆಡ್ಡು ಕೆಳಗಿಟ್ಟು ನೆಟ್ಟಗೆ ಮಲಗಲು ಹೋದಳು.

“ತಿನ್ನಿ, ತಿನ್ನಿ. ನನ್ನಿಂದ ತಪ್ಪಾಯ್ತು. ನಿಮ್ಮ ಜೀವಕ್ಕೇ ಕುತ್ತು ಬರ್ತಿತ್ತು. ಹೊಟ್ಟೆಗೆ ಹಾಕ್ಕೊಳ್ಳಿ ಅಂತ ಕೇಳೋಕೂ ನನಗೆ ಮುಖ ಇಲ್ಲ.” ಸ್ವಲ್ಪ ತಡೆದು ಕೇಳಿದರು, “ನಿಮಗೆ ಯಾವತ್ತೂ ಹೊಟ್ಟೆಗೆ ಇಂಜೆಕ್ಷನ್ ಕೊಟ್ಟಿರ್ಲಿಲ್ಲ. ಇದು ನನ್ನದಲ್ಲ ಅಂತ ಅನ್ನಿಸ್ಲಿಲ್ವಾ?”

“ಅನ್ನಿಸ್ತು ಸಿಸ್ಟರ್. ಬಾಯಿಗೂ ಬಂತು.”

“ಮತ್ತೆ?”

ಟೈಲರಮ್ಮ ಬ್ರೆಡ್ಡಿನ ಅಂಚನ್ನು ಕೀಳುತ್ತ ಕೂತಳು. “ಕೇಳಿದ್ರೆ, ಬೇರೆ ಹಾಸಿಗೇಲಿ ಮಲಗಿದ್ದು ಗೊತ್ತಾಗುತ್ತೆ. ನೀವು ಬೈತೀರಿ ಅಂತ ಸುಮ್ನಾದೆ.”

ಅತ್ತಿಗೆ ಎದ್ದು ಸ್ಟೂಲನ್ನು ಅದರ ಜಾಗದಲ್ಲಿ ಇಟ್ಟರು. ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಕೂತಿದ್ದರೂ ಇಳಿಯುವವರೆಗೆ ಒಂದು ಮಾತಿಲ್ಲ. ಕಂಡಕ್ಟರು ಚಿಲ್ಲರೆ ತಪ್ಪು ಕೊಟ್ಟ, ಅದಕ್ಕೂ ಸುಮ್ಮನಿದ್ದರು. ಆಗಲೇ ನನಗೆ ನಿಜವಾಗಿ ಹೆದರಿಕೆಯಾದದ್ದು.

ಸಂಜೆ ಊಟಕ್ಕೆ ಬೇಗ ಕೂತೆವು. ಅಣ್ಣ, ಅವನ ನೀರಿನ ಚೊಂಬು, ಮಗಳು, ನಾನು. ಅತ್ತಿಗೆ ಬಡಿಸುತ್ತಿದ್ದರು. ಎರಡು ತುತ್ತು ತಿಂದು ಕೈ ತಟ್ಟೆಯಲ್ಲೇ ಬಿಟ್ಟೆ. ಬೆಳಗಿನಿಂದ ಎದೆಯಲ್ಲಿ ಕಲ್ಲು ಹೊತ್ತುಕೊಂಡು ತಿರುಗಿದ್ದೆ. ಇನ್ನೊಬ್ಬರಿಗೂ ಗೊತ್ತಿತ್ತು ಎಂದೆನಲ್ಲ, ಅದು ನಾನೇ.

“ಅತ್ತಿಗೆ, ಅವರಿಬ್ರೂ ಹಾಸಿಗೆ ಬದಲಾಯಿಸ್ಕೊಳ್ಳೋದು ನನಗೆ ಗೊತ್ತಿತ್ತು.”

ಸೌಟು ಹಿಡಿದ ಕೈ ನಿಂತಿತು. “ಯಾವತ್ತಿಂದ?”

“ಸೋಮವಾರದಿಂದ. ನೈಟ್ ಡ್ಯೂಟೀಲಿದ್ದಾಗ ನೋಡಿದ್ದೆ.”

“ನನಗ್ಯಾಕೆ ಹೇಳ್ಲಿಲ್ಲ?”

ಸುಳ್ಳು ಹೇಳಬಹುದಿತ್ತು. ಮರೆತೆ ಎನ್ನಬಹುದಿತ್ತು. ಆದರೆ ಬೆಳಿಗ್ಗೆ ಅವರು ಆ ಕೊನೆಯ ಸಾಲನ್ನು ಬರೆದದ್ದನ್ನು ನಾನು ಪಕ್ಕದಲ್ಲೇ ನಿಂತು ನೋಡಿದ್ದೆ.

“ನೀವು ಬೈತೀರಿ ಅಂತ,” ಎಂದೆ.

ಒಂದೇ ದಿನದಲ್ಲಿ ಅದೇ ಮಾತು ಎರಡನೇ ಸಲ. ಅತ್ತಿಗೆ ಸೌಟು ಪಾತ್ರೆಯೊಳಗಿಟ್ಟು ನಮ್ಮ ಜೊತೆ ಕೂತರು. ಬೈಗುಳ ಬರುತ್ತದೆ ಎಂದು ನಾನು ತಲೆ ತಗ್ಗಿಸಿ ಕಾಯುತ್ತಿದ್ದೆ. ಬಂದಿದ್ದರೆ ನನಗೂ ಹಗುರವಾಗುತ್ತಿತ್ತು. ಬರಲಿಲ್ಲ. ತಲೆಯೆತ್ತಿದರೆ ಅವರ ಕಣ್ಣು ತುಂಬಿತ್ತು.

“ಸರಿ,” ಎಂದರು. “ಬೈಯಲ್ಲ. ಇನ್ನೇನೇನು ಬಚ್ಚಿಟ್ಟಿದೀರೋ ಈಗ್ಲೇ ಹೇಳ್ಬಿಡಿ. ಎಲ್ರೂ.”

ಮಗಳು ತಟ್ಟೆಯಲ್ಲಿ ಬೆರಳಾಡಿಸುತ್ತಿದ್ದಳು. ಕ್ಷಮೆ ಕೇಳುವ ಮುಖ ಮಾಡಿಕೊಂಡು ಮೊದಲು ಕೆಮ್ಮಿದ್ದು ನಮ್ಮಣ್ಣ. ಚೊಂಬನ್ನು ಆ ಕಡೆ ಸರಿಸಿದ, ಈ ಕಡೆ ಸರಿಸಿದ.

“ಎರಡು ತಿಂಗಳ ಹಿಂದೆ ಆಫೀಸಲ್ಲಿ ಎಲ್ಲರಿಗೂ ರಕ್ತ ಪರೀಕ್ಷೆ ಮಾಡಿದ್ರು,” ಎಂದ. “ಶುಗರ್ ಇದೆಯಂತೆ. ರಿಪೋರ್ಟು ಬ್ಯಾಗಲ್ಲೇ ಇದೆ.”

ಅತ್ತಿಗೆ ಅವನ ಕಡೆ ತಿರುಗಿದರು.

“ಎಷ್ಟಿತ್ತು?” ಎಂದು ಕೇಳಿದರು ಅತ್ತಿಗೆ.

ಇಷ್ಟು ಮೆಲ್ಲಗೆ ಅವರು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.